ಮಿಸ್ರಿಯ ಪಥ್ಯ

ನಮ್ಮ ಮನೆಯಲ್ಲಿ ಬಾಳೆಹಣ್ಣನ್ನು ಸುಲಿದು ತಿನ್ನುವುದಿಲ್ಲ, ಕತ್ತರಿಸಿ ತಿನ್ನುತ್ತೇವೆ. ಬೆಳಗಿನ ತಿಂಡಿಯಾದ ಮೇಲೆ ನನ್ನ ಹೆಂಡತಿ ಸುಮಿತ್ರಾ ಒಂದು ಹಣ್ಣನ್ನು ಸಿಪ್ಪೆಸಹಿತ ನಡುಮಧ್ಯಕ್ಕೆ ಕತ್ತರಿಸಿ, ಅರ್ಧವನ್ನು ನನ್ನ ಮುಂದಿಟ್ಟು, ಉಳಿದರ್ಧವನ್ನು ತಾನು ತಿನ್ನುತ್ತಾಳೆ. ಸಕ್ಕರೆ ಕಾಯಿಲೆಯ ಗಂಡನಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ನೀವು ಹೇಳಬಹುದು. ಆದರೆ ನಾನು ಕುಮಟೆಯಲ್ಲಿ ಹುಟ್ಟಿ, ಜಗುಲಿಯ ತೊಲೆಗೆ ತೂಗುಹಾಕಿದ ಗೊನೆಯಿಂದ ಹೋಗುವಾಗೊಂದು ಬರುವಾಗೊಂದು ಹಣ್ಣು ಕಿತ್ತು ತಿಂದು ಬೆಳೆದವನು. ಅಂಥವನ ಎದುರು ಚಾಕು ಹಿಡಿದು ಕೂತು ಪಾಲು ಮಾಡುವುದನ್ನು ಒಂದು ಕಾಲದಲ್ಲಾಗಿದ್ದರೆ ಮಾನಹಾನಿ ಎಂದೇ ಬಗೆಯುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದರ ಶ್ರೇಯಸ್ಸು ನನ್ನ ವಿವೇಕಕ್ಕೆ ಸಲ್ಲಬೇಕಾದ್ದಲ್ಲ, ನೂರು ಗ್ರಾಮು ತೂಗುವ ಒಂದು ಪ್ರಾಣಿಗೆ ಸಲ್ಲಬೇಕಾದದ್ದು.

ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಜಾತಿಮತಗಳ ಹಂಗಿಲ್ಲದೆ ಸರ್ವರೂ ಪಾಲಿಸುವ ಧರ್ಮವೊಂದಿದೆ. ನೋಡಲು ಹೋಗುವವರು ಬರಿಗೈಯಲ್ಲಿ ಹೋಗಬಾರದು. ಬಾಣಂತಿ ಇರಲಿ, ರೋಗಿ ಇರಲಿ, ಊರಿಗೆ ಹೊಸದಾಗಿ ಬಂದ ಸೊಸೆ ಇರಲಿ, ಕಾಣಲು ಹೋದವರ ಕೈಯಲ್ಲಿ ಒಂದು ಪೊಟ್ಟಣ ಇರಲೇಬೇಕು. ಆ ಪೊಟ್ಟಣದಲ್ಲಿ ಸಾಮಾನ್ಯವಾಗಿ ಸಿಹಿಯೇ ಇರುತ್ತದೆ. ಹುರುಳಿಕಾಳು ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಹೋದವರನ್ನು ನಾನಂತೂ ಕಂಡಿಲ್ಲ. ತೆಗೆದುಕೊಳ್ಳುವವರಿಗೂ ಒಂದು ನಿಯಮವಿದೆ. ಬೇಡ ಎನ್ನಬಾರದು, ಕೊಟ್ಟವರ ಕಣ್ಣೆದುರೇ ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳಬೇಕು. ಈ ಸೌಜನ್ಯದಿಂದ ಯಾರಿಗಾದರೂ ಕೇಡಾದೀತೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಆಗ ನಾನು ಭಟ್ಕಳದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಸುಮಿತ್ರಾ ನಮ್ಮ ಓಣಿಯ ಅಂಗನವಾಡಿಯನ್ನು ನೋಡಿಕೊಳ್ಳುತ್ತಿದ್ದಳು. ಪಕ್ಕದ ಮನೆಗೆ ಹತ್ತು ವರ್ಷ ದುಬೈಯಲ್ಲಿದ್ದ ರೆಹಾನಾ ಎಂಬ ಹೆಣ್ಣುಮಗಳು ವಾಪಸು ಬಂದಳು. ಊರಿಗೆ ಬರುವವರೆಲ್ಲ ಕಂಬಳಿ, ಅತ್ತರು, ಟೇಪ್‌ರೆಕಾರ್ಡರು ತಂದರೆ, ಮಕ್ಕಳಿಲ್ಲದ ಈಕೆ ತಂದದ್ದು ಆಳೆತ್ತರದ ಪಂಜರ ಮತ್ತು ಅದರೊಳಗೆ ಶುಗರ್ ಗ್ಲೈಡರ್ ಎಂಬ ಎರಡು ಅಳಿಲುಗಾತ್ರದ ಪ್ರಾಣಿಗಳು. ಬೂದುಬಣ್ಣದ ಮೈ, ಬೆನ್ನಿನುದ್ದಕ್ಕೂ ಒಂದು ಕಪ್ಪು ಗೆರೆ, ಮುಖದ ಅರ್ಧವನ್ನು ಆಕ್ರಮಿಸಿದ ಕಣ್ಣು. ಹಗಲಿಡೀ ಬಟ್ಟೆಯ ಚೀಲದಲ್ಲಿ ಮುದುಡಿ ಮಲಗಿ, ಮುಸ್ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ಎದ್ದು, ಪರದೆಯ ತುದಿಗೆ ಹತ್ತಿ, ಮುಂಗಾಲಿನಿಂದ ಹಿಂಗಾಲಿನವರೆಗಿನ ತೊಗಲನ್ನು ಹರಡಿಕೊಂಡು ಗಾಳಿಯಲ್ಲಿ ತೇಲುತ್ತ ಬಂದು ಒಡತಿಯ ಭುಜದ ಮೇಲಿಳಿಯುತ್ತಿದ್ದವು. ಕತಗಾಲದ ಕಾಡಿನ ಕಡೆಯವಳಾದ ಸುಮಿತ್ರಾ ಮೊದಲ ನೋಟಕ್ಕೇ, “ಇದು ನಮ್ಮ ಹಾರುಬೆಕ್ಕಿನ ಮರಿ ಅಲ್ದಾ” ಎಂದಳು. ನಾನು ಗಂಟಲು ಸರಿಪಡಿಸಿಕೊಂಡು, ಅವಳು ಹೇಳಿದ್ದು ಕಾಡಿನ ಹಾರುವ ಅಳಿಲು, ಇದು ಕಾಂಗರುವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿಯನ್ನಿಟ್ಟು ಸಾಕುವ ಕುಲದ್ದೆಂದು ಅರ್ಧ ಗಂಟೆ ಪಾಠ ಹೇಳಿದೆ. ಹೆಣ್ಣಿನ ಹೆಸರು ಮಿಸ್ರಿ, ಎಂದರೆ ಕಲ್ಲುಸಕ್ಕರೆ; ಗಂಡು ಬಾದಾಮ್.

ಆ ಅರ್ಧ ಗಂಟೆಯ ಪಾಂಡಿತ್ಯಪ್ರದರ್ಶನವೇ ನನಗೆ ಮುಳುವಾಯಿತು. ತಾಯಿಯ ಶಸ್ತ್ರಚಿಕಿತ್ಸೆಗೆಂದು ಎರಡು ತಿಂಗಳು ಮುಂಬಯಿಗೆ ಹೊರಟು ನಿಂತಾಗ ರೆಹಾನಾ ಪಂಜರವನ್ನು ನಮ್ಮ ಮನೆಗೆ ತಂದಿಟ್ಟಳು. “ಮಾಸ್ತ್ರೇ, ನೀವು ಓದಿದವ್ರು. ಇವೆರಡೂ ನಂಗೆ ಮಕ್ಕಳ ಲೆಕ್ಕ. ಇದ್ರಲ್ಲಿ ಬರ್ದ ಹಾಂಗೆ ಕೊಡಿ, ಹೆಚ್ಚೂ ಬೇಡ, ಕಮ್ಮೀನೂ ಬೇಡ” ಎಂದು ಒಂದು ಕಾಗದವನ್ನೂ ಕೊಟ್ಟಳು. ಅರ್ಧದಷ್ಟು ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಹುಳುಹುಪ್ಪಟೆ. ಉಳಿದುದರಲ್ಲಿ ಹೆಚ್ಚಿನ ಪಾಲು ಸೊಪ್ಪು ತರಕಾರಿ, ಸ್ವಲ್ಪವೇ ಹಣ್ಣು. ಮೇಲೆ ಒಂದು ಚಿಟಿಕೆ ಸುಣ್ಣಾಂಶದ ಪುಡಿ. ಮಿಠಾಯಿ ಸರ್ವಥಾ ಕೂಡದು. ಇಪ್ಪತ್ತು ವರ್ಷ ಸಮತೋಲ ಆಹಾರದ ಪಾಠ ಮಾಡಿದವನು ನಾನು. ಕಾಗದವನ್ನು ಉತ್ತರಪತ್ರಿಕೆಯಂತೆ ಓದಿ, ಅಭ್ಯಾಸಬಲದಿಂದ ಕೆಂಪು ಪೆನ್ನಿನಲ್ಲಿ ‘ಉತ್ತಮ’ ಎಂದು ಬರೆದು ಗೋಡೆಗೆ ಅಂಟಿಸಿದೆ. ಪರೀಕ್ಷೆ ನನಗಿದೆ ಎಂಬುದು ತಲೆಗೆ ಹೋಗಲಿಲ್ಲ.

ಮೂರನೆಯ ದಿನದಿಂದ ಓಣಿಯವರು ನೋಡಲು ಬರತೊಡಗಿದರು, ಬರಿಗೈಯಲ್ಲಲ್ಲ. ಒಬ್ಬರು ಚಿಕ್ಕು ತಂದರು, ಒಬ್ಬರು ಬೆಲ್ಲದಚ್ಚು, ತೆಂಗಿನಗುಂಡಿಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಮಾದೇವಿ ತನ್ನ ಹಿತ್ತಲ ಪಪ್ಪಾಯಿ, ಎದುರು ಮನೆಯ ಅಜ್ಜಿ ತುಪ್ಪ ಸೋರುವ ಹಲ್ವ. ಅತಿಥಿಧರ್ಮಕ್ಕೆ ಕಟ್ಟುಬಿದ್ದ ನಾನು ಅವರ ಕಣ್ಣೆದುರೇ ಪಂಜರದ ಬಾಗಿಲು ತೆಗೆದು ಒಂದೊಂದು ಚೂರು ಒಳಗಿಡುತ್ತಿದ್ದೆ. ಬಾದಾಮ್ ಸಂಕೋಚದ ಪ್ರಾಣಿ, ಜನ ಕಂಡರೆ ಚೀಲದಿಂದ ಹೊರಬರುತ್ತಿರಲಿಲ್ಲ. ಮಿಸ್ರಿ ಮಾತ್ರ ಎರಡೂ ಕೈಯಲ್ಲಿ ಚೂರನ್ನು ಹಿಡಿದು, ಕಣ್ಣು ಅರೆಮುಚ್ಚಿ ಸವಿಯುವಾಗ ನೆರೆದವರೆಲ್ಲ ಧನ್ಯರಾಗುತ್ತಿದ್ದರು. ಆಮೇಲೆ ಸುಮಿತ್ರಾ ಸುಣ್ಣಾಂಶದ ಪುಡಿ ಉದುರಿಸಿ ಇಡುತ್ತಿದ್ದ ಮೊಟ್ಟೆಯನ್ನೂ ಬೀನ್ಸನ್ನೂ ಅದು ಮೂಸಿ ಕೆಳಗೆ ಎಸೆಯುತ್ತಿತ್ತು.

ಎಲ್ಲವನ್ನೂ ಓಣಿಯವರ ತಲೆಗೆ ಕಟ್ಟಿ ಪಾರಾಗಬಹುದಿತ್ತು, ಆದರೆ ನಿಮ್ಮೆದುರು ಮುಚ್ಚಿಡುವುದೇಕೆ? ಸುಮಿತ್ರಾ ತುಳಸಿಯ ಮುಂದೆ ದೀಪವಿಡಲು ಹೋದ ಆ ಐದು ನಿಮಿಷದಲ್ಲಿ ನಾನು ದಿನವೂ ಬೆರಳನ್ನು ಜೇನಿನ ಸೀಸೆಯಲ್ಲದ್ದಿ ಮಿಸ್ರಿಯ ಮುಂದೆ ಚಾಚುತ್ತಿದ್ದೆ. ಅದು ಪರದೆಯ ತುದಿಯಿಂದ ತೇಲಿ ಬಂದು ನನ್ನ ಭುಜಕ್ಕಿಳಿದು, ಬೆರಳನ್ನು ಪುಟ್ಟ ಕೈಗಳಲ್ಲಿ ಹಿಡಿದು ನೆಕ್ಕುತ್ತಿತ್ತು. ತರಗತಿಯಲ್ಲಿ ಯಾರೂ ಹತ್ತಿರ ಸುಳಿಯದ ಮಾಸ್ತರನ ಕಡೆಗೆ ಒಂದು ಜೀವ ತಾನಾಗಿ ಹಾರಿ ಬರುವುದೆಂದರೆ ಕಡಿಮೆ ಸುಖವಲ್ಲ. ಅದನ್ನು ಪ್ರೀತಿ ಎಂದು ನಂಬಿದ್ದೆ.

ಸುಮಿತ್ರಾಳ ಕ್ರಮವೇ ಬೇರೆ. ಅಂಗನವಾಡಿಯ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ ಪುಸ್ತಕದಲ್ಲಿ ಗೆರೆ ಎಳೆಯುವವಳಿಗೆ ತೂಗದೆ ಉಣಿಸಿ ಗೊತ್ತಿಲ್ಲ. ಅಲ್ಲಿಯ ತಕ್ಕಡಿಗೆ ಈ ಮಕ್ಕಳು ತೀರಾ ಹಗುರವಾದ್ದರಿಂದ ಅವಳು ಪ್ರತಿ ಶುಕ್ರವಾರ ನಿದ್ದೆಯಲ್ಲಿದ್ದ ಎರಡನ್ನೂ ಚೀಲಸಹಿತ ಒಯ್ದು, ಬಂಗಾರದ ಕೆಲಸದ ಶೇಟರ ತಕ್ಕಡಿಯಲ್ಲಿ ತೂಗಿಸಿ ಬರುತ್ತಿದ್ದಳು. ಶೇಟರು ಕನ್ನಡಕವನ್ನು ಹಣೆಗೇರಿಸಿ, ಬಳೆ ತೂಗುವಷ್ಟೇ ಗಾಂಭೀರ್ಯದಿಂದ ತೂಗುತ್ತಿದ್ದರಂತೆ. ಮಿಸ್ರಿಯ ತೂಕ ವಾರದಿಂದ ವಾರಕ್ಕೆ ಏರುತ್ತಿತ್ತು. ನಾನು ಹೆಮ್ಮೆಪಟ್ಟೆ, ಅವಳು ಹುಬ್ಬು ಗಂಟಿಕ್ಕಿದಳು. “ತೂಕ ಬಂದದೆ, ಗಟ್ಟಿ ಬರ್ಲಿಲ್ಲ” ಎಂದಳು.

ನಾಲ್ಕನೆಯ ವಾರದ ಒಂದು ಸಂಜೆ ಮಿಸ್ರಿ ಪರದೆ ಹತ್ತಲಿಲ್ಲ. ಪಂಜರದ ತಳದಲ್ಲಿ ಮುಂಗಾಲುಗಳಿಂದ ಮೈಯನ್ನು ಎಳೆಯುತ್ತಿತ್ತು, ಹಿಂಗಾಲೆರಡೂ ಒದ್ದೆ ಬತ್ತಿಯಂತೆ ಹಿಂದೆ ಜೋತಿದ್ದವು. ನನ್ನನ್ನು ಕಂಡದ್ದೇ ಹಾರಲು ನೋಡಿ ಮುಗ್ಗರಿಸಿತು. ಆ ಹೆಣ್ಣುಮಗಳು ಮಕ್ಕಳ ಲೆಕ್ಕ ಎಂದು ಹೇಳಿ ಕೊಟ್ಟುಹೋದದ್ದನ್ನು ನಾನು ಇಷ್ಟು ಮಾಡಿ ಇಟ್ಟಿದ್ದೆ.

ಮರುದಿನ ಬೆಳಗ್ಗೆ ಸುಮಿತ್ರಾ ಚೀಲವನ್ನು ಸೆರಗಿನೊಳಗೆ ಕಟ್ಟಿಕೊಂಡು ಹೊನ್ನಾವರದ ಬಸ್ಸು ಹತ್ತಿದಳು. ನಾನು ಹಿಂದೆ. ಆಗ ನಮ್ಮ ಕಡೆ ಇಂಥ ಪ್ರಾಣಿಯನ್ನು ತೋರಿಸಲು ಬೇರೆ ಯಾರಿದ್ದರು? ಅಲ್ಲಿಯ ದನದ ಡಾಕ್ಟರು ಒಳ್ಳೆಯವರೆಂದು ಕೇಳಿದ್ದೆವು. ಅವರು ಮಿಸ್ರಿಯನ್ನು ಅಂಗೈಯಲ್ಲಿಟ್ಟು, ತಿರುಗಿಸಿ, ಕಾಲನ್ನು ಮೃದುವಾಗಿ ಎಳೆದು ನೋಡಿದರು. “ಇದ್ರ ಹೆಸ್ರೂ ನಾ ಕೇಳಿಲ್ಲ ಮಾಸ್ತ್ರೇ. ಆದ್ರೆ ಕರು ಹಾಕಿದ ಎಮ್ಮೆ ಹೀಂಗೇ ಕಾಲು ಸೋತು ಮಲಗೂದು ನೋಡಿದ್ದೆ. ಮೈಯಾಗಿನ ಸುಣ್ಣ ಹಾಲಿಗೆ ಇಳ್ದು ಹೋದ್ರೆ ಹಾಂಗಾಗ್ತದೆ. ಎಂತ ತಿನ್ನಿಸ್ತಿದ್ರಿ ಇದಕ್ಕೆ?” ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಗೊತ್ತಿರುವುದರಿಂದ ದಾರಿ ಹುಡುಕುವ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವವಿದೆ. ವಿಜ್ಞಾನವೆಂದರೆ ಅದೇ ಅಲ್ಲವೇ ಎಂದು ಆಮೇಲೆ ಯೋಚಿಸಿದ್ದುಂಟು. ಆ ಕ್ಷಣದಲ್ಲಂತೂ ನೆಲ ನೋಡುತ್ತ, ಚಿಕ್ಕು, ಬೆಲ್ಲ, ಹಲ್ವ ಎಂದು ಪಟ್ಟಿ ಒಪ್ಪಿಸಿ, ಕೊನೆಗೆ ಜೇನನ್ನೂ ಹೇಳಿದೆ.

ಮರಳುವಾಗ ಸುಮಿತ್ರಾ ಬಸ್ಸು ಮಂಕಿಯ ಪೇಟೆ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದು, “ಇನ್ನು ನಿಮ್ಮ ಕೈಯಾಗೆ ಬ್ಯಾಡ. ನಾ ನೋಡ್ಕಳ್ತೆ” ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನದಿಂದ ಅವಳ ಆಡಳಿತ ಶುರುವಾಯಿತು. ಡಾಕ್ಟರು ಕೊಟ್ಟ ಸುಣ್ಣಾಂಶದ ಹನಿ ಹೊತ್ತುಹೊತ್ತಿಗೆ. ಮೊಟ್ಟೆಯ ಸಿಪ್ಪೆಯನ್ನು ತೊಳೆದು, ಹುರಿದು, ಒರಳಿನಲ್ಲಿ ಅರೆದು, ತೆಳುಬಟ್ಟೆಯಲ್ಲಿ ಜರಡಿ ಹಿಡಿದ ಪುಡಿಯಲ್ಲಿ ಎಷ್ಟು ಹಾಕಬೇಕೆಂದು ಅವರನ್ನೇ ಕೇಳಿ ಬಂದಿದ್ದಳು. ಮೊಟ್ಟೆ, ಕೋಳಿ, ಸೊಪ್ಪು, ಹಣ್ಣು ಎಲ್ಲವನ್ನೂ ಬೇರೆಬೇರೆ ಇಟ್ಟರೆ ತಾನೆ ಆರಿಸುವುದು ಎಂದು ಎಲ್ಲವನ್ನೂ ಕಲಸಿ ಒಂದೇ ಮುದ್ದೆ ಮಾಡಿದಳು. ಸೊಪ್ಪನ್ನು ಆರಿಸಿ ಬದಿಗಿಡುವ ಅಂಗನವಾಡಿಯ ಮಕ್ಕಳ ಮೇಲೆ ಅವಳು ಎಂದೋ ಗೆದ್ದ ಯುದ್ಧವಿದು. ಶಾಲೆಯ ಬಯಲಿನಲ್ಲಿ ಕರವಸ್ತ್ರ ಬೀಸಿ ಮಿಡತೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು, ಪ್ರಾಯಶ್ಚಿತ್ತವೆಂದು ಸ್ವೀಕರಿಸಿದೆ. ಇನ್ನು ಓಣಿಯವರು. ಅವರನ್ನು ಬರಬೇಡಿ ಎನ್ನುವ ಹಾಗಿಲ್ಲ, ತಂದದ್ದನ್ನು ಬೇಡವೆನ್ನುವ ಹಾಗೂ ಇಲ್ಲ. ಅವಳು ಜಗುಲಿಯಲ್ಲೊಂದು ಬುಟ್ಟಿಯಿಟ್ಟು, “ಮಿಸ್ರಿಗೆ ಪಥ್ಯ ಅದೆ. ಅದ್ರ ಹೆಸ್ರಲ್ಲಿ ನನ್ನ ಮಕ್ಳು ತಿಂತಾವೆ, ಆತಾ?” ಎಂದಳು. ಯಾರ ಮುಖವೂ ಬಾಡಲಿಲ್ಲ. ಆ ತಿಂಗಳು ಅಂಗನವಾಡಿಯಲ್ಲಿ ದಿನವೂ ಹಬ್ಬ.

ಮೊದಲೆರಡು ಸಂಜೆ ಮಿಸ್ರಿ ಮುದ್ದೆಯನ್ನು ಮುಟ್ಟಲಿಲ್ಲ. ಪಂಜರದ ಸರಳು ಹಿಡಿದು, ನಾಯಿಮರಿಯ ಹಾಗೆ ಸಣ್ಣಗೆ ಬೊಗಳುತ್ತ ನನ್ನ ಬೆರಳನ್ನು ಕರೆಯುತ್ತಿತ್ತು. ಒಂದೇ ಒಂದು ಹನಿ ಎಂದು ನಾನು ಗೋಗರೆದೆ. ಸುಮಿತ್ರಾ ಜಗ್ಗಲಿಲ್ಲ. ಹನಿ ಹಾಕುವ ನಳಿಕೆಯಲ್ಲಿ ತೆಳುವಾದ ಗಂಜಿ ಹಿಡಿದು, ಹಾಡಿನಂತೆ ಏನೋ ಗುನುಗುತ್ತ ಅದರ ಮುಂದೆ ಕೂತೇ ಇದ್ದಳು. ಅವಳ ಕಣ್ಣೂ ಒದ್ದೆಯಾಗಿದ್ದುದನ್ನು ನೋಡಿದೆ. ಆ ದಿನಗಳಲ್ಲಿ ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಡಬ್ಬಿ ಖಾಲಿಯಾಗಿರಬೇಕು ಎಂದುಕೊಂಡೆ. ಮೂರನೆಯ ಸಂಜೆ ಮಿಸ್ರಿ ಮುದ್ದೆಗೆ ಬಾಯಿ ಹಾಕಿತು.

ಕಾಲಿಗೆ ಬಲ ಬರಲು ಮತ್ತೆ ಮೂರು ವಾರ ಹಿಡಿಯಿತು. ಕೊನೆಗೊಂದು ಸಂಜೆ ನಾನು ಪಂಜರದ ಹತ್ತಿರ ನಿಂತಿದ್ದೆ, ಸುಮಿತ್ರಾ ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ಮಿಸ್ರಿ ಪರದೆಯ ತುದಿಗೆ ಹತ್ತಿ ಕೂತು ಇಬ್ಬರನ್ನೂ ನೋಡಿತು. ನಾನು ಭುಜ ಸರಿಮಾಡಿಕೊಂಡೆ. ಅದು ತೊಗಲು ಹರಡಿ ನನ್ನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ತೇಲಿಹೋಗಿ, ಒಂದು ತೊಟ್ಟು ಸಿಹಿಯನ್ನೂ ಎಂದೂ ಕೊಡದ ಸುಮಿತ್ರಾಳ ಭುಜದ ಮೇಲಿಳಿಯಿತು. ಮತ್ಸರಪಡುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ, ಅಷ್ಟು ಸಂತೋಷವಾಗಿತ್ತು.

ರೆಹಾನಾ ಮರಳಿದ ದಿನ ನಾನೇ ಎಲ್ಲವನ್ನೂ ಹೇಳಿ ತಲೆತಗ್ಗಿಸಿದೆ. ಅವಳು ಮಿಸ್ರಿಯನ್ನು ಎದೆಗವಚಿ, ಅದರ ಹಿಂಗಾಲುಗಳನ್ನು ಬೆರಳಿನಿಂದ ಸವರಿ ನೋಡಿ, “ಚೀಟಿ ಕೊಟ್ಟದ್ದು ನಿಮ್ಮ ಕೈಗೆ ಮಾಸ್ತ್ರೇ, ಓದಿದ್ದು ಸುಮಿತ್ರಕ್ಕ” ಎಂದಳು. ಮುಂಬಯಿಯಿಂದ ತಂದಿದ್ದ ಹಲ್ವದ ಡಬ್ಬಿಯನ್ನು, ಯಾರೂ ಹೇಳದೆಯೇ, ಜಗುಲಿಯ ಬುಟ್ಟಿಯಲ್ಲಿಟ್ಟು ಹೋದಳು.

ಎರಡು ವರ್ಷದ ಮೇಲೆ ನನ್ನ ರಕ್ತದಲ್ಲಿ ಸಕ್ಕರೆ ಕಂಡಿತು, ಚಾಕು ನಮ್ಮ ಮೇಜಿಗೆ ಬಂತು. ಕೇಳಿದ್ದನ್ನು ಕೊಡುವುದು ಸುಲಭ, ಕೊಟ್ಟವನಿಗೆ ಕೂಡಲೇ ಖುಷಿಯೂ ಸಿಗುತ್ತದೆ; ಅಳೆದು ಕೊಟ್ಟು, ಮುನಿಸನ್ನೂ ಸಹಿಸಿ, ಕಾದು ಕೂರುವುದು ಎಲ್ಲರ ಕೈಲಾಗುವುದಲ್ಲ. ಇಷ್ಟನ್ನು ಮಿಸ್ರಿಯ ದೆಸೆಯಿಂದ ಕಲಿತವನಾದ್ದರಿಂದ ತಕರಾರು ಮಾಡಲಿಲ್ಲ.

ಮೊನ್ನೆ ಸುಮಿತ್ರಾ ತಂಗಿಯ ಮನೆಗೆಂದು ಬೆಳಗಿನ ಬಸ್ಸಿಗೇ ಕುಮಟೆಗೆ ಹೋಗಿದ್ದಳು. ಮೇಜಿನ ಮೇಲೆ ಬಾಳೆಹಣ್ಣಿನ ಇಡೀ ಚಿಪ್ಪು, ಮನೆಯಲ್ಲಿ ನಾನೊಬ್ಬನೇ. ಒಂದು ಹಣ್ಣನ್ನು ಕತ್ತರಿಸಿದೆ. ನನ್ನ ಪಾಲು ತುಸು ದೊಡ್ಡದಾಯಿತು, ಕೈ ಜಾರಿತೆಂದೇ ಇಟ್ಟುಕೊಳ್ಳಿ. ಉಳಿದದ್ದನ್ನು ತಟ್ಟೆ ಮುಚ್ಚಿಟ್ಟೆ. ಸಂಜೆ ಬಂದವಳು ತಟ್ಟೆ ಸರಿಸಿ, ಕಪ್ಪುಗಟ್ಟಿದ ಆ ಗಿಡ್ಡ ತುಂಡನ್ನು ನೋಡಿ ಸಣ್ಣಗೆ ನಕ್ಕಳು. ಚಿಪ್ಪಿನಲ್ಲಿ ಒಳ್ಳೆಯ ಹಣ್ಣುಗಳಿದ್ದವು. ಅವಳು ಅದನ್ನೇ ಸುಲಿದು ತಿಂದು ಕೈ ತೊಳೆದಳು. ಆಗ ನನಗೆ ಹೊಳೆಯಿತು, ಇಷ್ಟು ವರ್ಷ ನನ್ನ ಅರ್ಧವನ್ನಷ್ಟೇ ನೋಡಿಕೊಂಡು ಕೂತಿದ್ದೆ. ಸುಮಿತ್ರಾಳಿಗೆ ಸಕ್ಕರೆ ಕಾಯಿಲೆ ಇಲ್ಲ. ಅರ್ಧ ತಿನ್ನು ಎಂದು ಯಾವ ಡಾಕ್ಟರೂ ಅವಳಿಗೆ ಹೇಳಿಲ್ಲ.