ನೆಲದಡಿಯ ನೆರೆಯವ

ಆ ಮನೆಗೆ ಹೋದ ಮೊದಲ ವಾರದಲ್ಲೇ, ಒಂದು ಸಂಜೆ ಅನ್ನ ಬಸಿಯುತ್ತಿದ್ದಾಗ, ಅಡುಗೆಮನೆಯ ನೆಲ ನನ್ನ ಕಾಲಡಿಯಲ್ಲಿ ಗುದ್ದಿತು. ಕೆಳಗಿನಿಂದ ಯಾರೋ ತಲೆಯಲ್ಲಿ ಹಲಗೆಗೆ ಢಿಕ್ಕಿ ಹೊಡೆದ ಹಾಗೆ. ಪಾತ್ರೆ ಅಲ್ಲೇ ಇಟ್ಟು ಹೊರಗೆ ಓಡಿದೆ. ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ನಾಲ್ಕು ಮೂಲೆಯ ಕಪ್ಪು ತುಂಡುಗಳು, ಯಾರೋ ಜೋಡಿಸಿಟ್ಟಂತೆ ಕೂತಿದ್ದವು. ನಮ್ಮೂರು ಯಲ್ಲಾಪುರದಲ್ಲಾಗಿದ್ದರೆ ನನ್ನ ತಾಯಿ, ಅಮ್ಮಿ, ಇದನ್ನು ಮಾಟವೆಂದೇ ತೀರ್ಮಾನಿಸುತ್ತಿದ್ದಳು.

ಮನೆಯ ಮಾಲೀಕ ರಾಬ್ ಮರುದಿನ ಬಂದು ನಕ್ಕ. ಅದು ಲದ್ದಿಯಂತೆ. ನೆಲದಡಿಯಲ್ಲಿ ಇರುವವನು ವೊಂಬ್ಯಾಟ್, ಬಿಲದಲ್ಲಿ ಬಾಳುವ ಇಲ್ಲಿಯ ಕಾಡುಪ್ರಾಣಿ. ತನ್ನ ಸರಹದ್ದು ಇದು ಎಂದು ಸಾರಲು ಕಲ್ಲಿನ ಮೇಲೆ, ದಿಮ್ಮಿಯ ಮೇಲೆ ಲದ್ದಿ ಇಡುತ್ತಾನೆ. ಮೂಲೆಗಳಿರುವುದರಿಂದ ಅದು ಉರುಳಿ ಹೋಗುವುದಿಲ್ಲ. ಇಲ್ಲಿಯ ಹಳೆಯ ಮನೆಗಳು ಗೂಟಗಳ ಮೇಲೆ ನಿಂತಿರುತ್ತವೆ. ನಮ್ಮ ಬಾಡಿಗೆ ಮನೆಯ ಅಡಿಯಲ್ಲಿ ಅವನು ಬಿಲ ತೋಡಿಕೊಂಡಿದ್ದ.

ತೊಂಬತ್ತರ ದಶಕದ ಕೊನೆ ಅದು. ನನ್ನ ಗಂಡ ಸಲೀಂ ಆಸ್ಟ್ರೇಲಿಯಾದ ಒಂದು ಬೆಟ್ಟದೂರಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದ. ನಾನು ಸೇಬು ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ‘ಆರ್ವೊ’ ಎಂದರೆ ಮಧ್ಯಾಹ್ನದ ಮೇಲೆ, ‘ಪ್ಯಾಡಕ್’ ಎಂದರೆ ಬೇಲಿ ಹಾಕಿದ ಹುಲ್ಲುಗಾವಲು. ಪುಸ್ತಕದ ಇಂಗ್ಲಿಷು ಕಲಿತು ಹೋದವಳಿಗೆ ಮೊದಲ ತಿಂಗಳು ಯಾರ ಮಾತೂ ತಿಳಿಯಲಿಲ್ಲ. ಯಲ್ಲಾಪುರದ ಪೇಟೆಯಲ್ಲಿ ಬೆಳಗಿನಿಂದ ಲಾರಿಗಳ ಹಾರ್ನು, ಬಾಗಿಲಿಗೆ ಬರುವ ಮೀನಿನವರ ಕೂಗು. ಇಲ್ಲಿ ರಾಬ್‌ನ ನಾಯಿ ಬೊಗಳಿದರೆ ಅದೇ ಆ ದಿನದ ಸುದ್ದಿ. ಸಲೀಂ ಬರುವವರೆಗೆ ನನ್ನ ಜೊತೆಗಿದ್ದದ್ದು ನೆಲದಡಿಯ ಆ ಗುದ್ದು ಮಾತ್ರ. ಕೆಲವು ಸಂಜೆ ನಾನೂ ಕಾಲಿನಿಂದ ಹಲಗೆ ಕುಟ್ಟಿ ಉತ್ತರ ಕೊಟ್ಟಿದ್ದುಂಟು.

ಮೂರ್ನಾಲ್ಕು ವರ್ಷದ ಮೇಲೆ ಊರಿನಲ್ಲಿ ಅಮ್ಮಿ ತೀರಿಕೊಂಡಳು. ನನ್ನ ತಮ್ಮ ಲಾರಿ ಹಿಡಿದು ಊರೂರು ತಿರುಗುವವನು. ಮನೆಯಲ್ಲಿ ಒಬ್ಬರೇ ಆದ ಅಬ್ಬಾ ನಮ್ಮಲ್ಲಿಗೆ ಬಂದರು. ಅರಬೈಲ್ ಘಾಟಿಯಲ್ಲಿ ಲಾರಿ ಓಡಿಸುತ್ತಲೇ ಆಯುಷ್ಯ ಕಳೆದವರು. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾಗೆ ಮನಸ್ಸಿನ ಮಾತು ಬರುತ್ತಿದ್ದದ್ದು ಕನ್ನಡದಲ್ಲೇ.

ಬಂದ ಮರುದಿನ ಬಿಸಿಲಿಳಿಯುವ ಹೊತ್ತಿಗೆ ವೊಂಬ್ಯಾಟ್ ಹೊರಬಂದಾಗ ಅಬ್ಬಾ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದರು.

“ಇದು ಎಂತ ಪ್ರಾಣಿ ಜುಬಿ? ಹಿಂದಿಂದ ನೋಡಿದ್ರೆ ಕರಡಿಮರಿ, ಮುಂದಿಂದ ನೋಡಿದ್ರೆ ಹೆಗ್ಗಣ.”

ಶೆಡ್ಡಿನಲ್ಲಿ ನನ್ನ ಪಕ್ಕ ಕೆಲಸ ಮಾಡುವ ಜೋನ್ ಎಂಬಾಕೆ ತಾಯಿ ಸತ್ತ ಕಾಡುಮರಿಗಳನ್ನು ಸಾಕುತ್ತಿದ್ದಳು. ಅವಳು ಹೇಳಿದ್ದನ್ನೆಲ್ಲ ಅಬ್ಬಾಗೆ ಹೇಳಿದೆ. ಇದು ಹುಲ್ಲು ತಿಂದು ಬದುಕುವ ಪ್ರಾಣಿ. ಸಾಯುವವರೆಗೂ ಅದರ ಹಲ್ಲುಗಳು ಬೆಳೆಯುತ್ತಲೇ ಇರುತ್ತವೆ. ಕಾಂಗರೂವಿನ ಹಾಗೆ ಹೆಣ್ಣಿಗೆ ಹೊಟ್ಟೆಯ ಚೀಲವಿದೆ. ಆದರೆ ಚೀಲದ ಬಾಯಿ ಹಿಂದಕ್ಕೆ, ಬಿಲ ತೋಡುವಾಗ ಮಣ್ಣು ಮರಿಯ ಮೇಲೆ ಬೀಳದಿರಲೆಂದು. ನಾಯಿ ಅಟ್ಟಿಸಿಕೊಂಡು ಬಂದರೆ ಬಿಲಕ್ಕೆ ನುಗ್ಗಿ, ಗಟ್ಟಿಯಾದ ಹಿಂಭಾಗವನ್ನೇ ಬಾಗಿಲಿಗೆ ಅಡ್ಡ ಇಡುತ್ತದೆ.

“ಇದಕ್ಕೆ ಹೆಂಡ್ತಿ ಮಕ್ಕಳು?”

“ಒಂಟಿಯಾಗೇ ಇರೂದಂತೆ ಅಬ್ಬಾ.”

ಅವರು ಚಹಾ ಮುಗಿಸಿ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

ಅಂದಿನಿಂದ ಸಂಜೆಯಾದರೆ ಅಬ್ಬಾ ಮೆಟ್ಟಿಲ ಮೇಲೆ. ಊರಿನಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸ್ನೇಹಿತರಿಗೆ ಕಾಯುತ್ತಿದ್ದ ಹಾಗೆಯೇ ಕಾಯುತ್ತಿದ್ದರು. ಅದು ಬಂದರೆ ‘ಬಂದ್ರಾ?’ ಎನ್ನುತ್ತಿದ್ದರು, ಬಹುವಚನದಲ್ಲೇ.

ಮುಂದೆ ಮಳೆ ಕೈಕೊಟ್ಟಿತು. ವರ್ಷದ ಮೇಲೆ ವರ್ಷ ಹುಲ್ಲು ಒಣಗಿತು. ಒಂದು ದಿನ ಸುಡುವ ಮಧ್ಯಾಹ್ನದಲ್ಲಿ ವೊಂಬ್ಯಾಟ್ ಪ್ಯಾಡಕ್ಕಿನ ನಡುವೆ ನಿಂತಿತ್ತು. ಬಿಸಿಲಿಗೆ ಹೆದರುವ ಪ್ರಾಣಿ ಹಾಡಹಗಲೇ ಬಂತೆಂದರೆ ಏನೋ ಆಗಿದೆ ಎಂದೇ ಅರ್ಥ. ಹತ್ತಿರ ಹೋದರೂ ಅದಕ್ಕೆ ತಿಳಿಯಲಿಲ್ಲ. ಪಕ್ಕೆಯ ಕೂದಲು ಉದುರಿ, ಚರ್ಮ ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರಿದು, ಕಣ್ಣಿನ ಸುತ್ತ ಹಕ್ಕಳೆ ಕಟ್ಟಿತ್ತು.

“ಕಜ್ಜಿ” ಎಂದರು ಅಬ್ಬಾ.

ಕಜ್ಜಿಯೇ. ಚರ್ಮದೊಳಗೆ ಕೊರೆಯುವ ಸಣ್ಣ ಹುಳ. ಬಹಳ ಹಿಂದೆ ಹೊರದೇಶದಿಂದ ಬಂದು ನೆಲೆಸಿದವರ ನಾಯಿಗಳ ಜೊತೆ ಈ ದೇಶಕ್ಕೆ ಬಂದಿರಬೇಕು ಎಂದು ಜೋನ್ ಹೇಳಿದಳು. ಅದನ್ನು ಅಬ್ಬಾಗೆ ಹೇಳಿದಾಗ ಅವರು ತಲೆ ತಗ್ಗಿಸಿ, “ಬಂದವರು ಎಂತೆಂತ ತರ್ತೇವೆ ನೋಡು” ಎಂದರು.

ರಾಬ್ ಬಂದು ನೋಡಿ, “ನರಳುತ್ತಿದೆ. ಗುಂಡು ಹಾಕುವುದೇ ದಯೆ” ಎಂದ. ಕಟುಕನಲ್ಲ ಅವನು, ಅವನ ಮುಖವೂ ಬಾಡಿತ್ತು.

“ಎಂತ ಹೇಳ್ತಾನೆ?” ಅಬ್ಬಾ ಕೇಳಿದರು. ಹೇಳಿದೆ.

“ಔಷಧಿ ಇಲ್ವಾ ಕೇಳು. ಇದ್ರೆ ನಾನು ನೋಡ್ಕೊಳ್ತೇನೆ ಅಂತ ಹೇಳು. ಮಳೆ ಬರೂ ತನಕ ಬಿಡು ಅನ್ನು.”

ರಾಬ್ ಅಬ್ಬಾನ ಮುಖ ನೋಡಿ ಒಪ್ಪಿದ.

ಔಷಧಿ ಹಾಕುವ ಬಗೆಯನ್ನು ಜೋನ್ ತೋರಿಸಿದಳು. ಬಿಲದ ಬಾಯಿಗೆ ತಂತಿಯ ಚೌಕಟ್ಟು ನಿಲ್ಲಿಸಿ, ಅದಕ್ಕೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತೂಗುಬಿಡಬೇಕು. ಮುಚ್ಚಳಕ್ಕೆ ಕಟ್ಟಿದ ಪುಟ್ಟ ಬಟ್ಟಲಿನಲ್ಲಿ ಔಷಧಿ. ಪ್ರಾಣಿ ಮುಚ್ಚಳ ತಳ್ಳಿಕೊಂಡು ಹೊರಬರುವಾಗ ಅದು ಬೆನ್ನಿಗೆ ಚೆಲ್ಲುತ್ತದೆ. ಹೀಗೆ ವಾರವಾರವೂ. ಅಬ್ಬಾ ಮಂಡಿಯೂರಿ ತಂತಿ ಬಗ್ಗಿಸಿದರು. ಮೊದಲ ಸಲ ಔಷಧಿ ಮಣ್ಣಿಗೆ ಚೆಲ್ಲಿತು, ಮತ್ತೆ ಕಟ್ಟಿದರು. ಆ ದಿನಗಳಲ್ಲಿ ಅವರು ಊಟದಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಫೋನಿನಲ್ಲಿ ನನ್ನ ತಮ್ಮನ ಹತ್ತಿರ ಊರಿನ ಸುದ್ದಿ ಕೇಳುವ ಬದಲು ತಾವೇ ವೊಂಬ್ಯಾಟಿನ ಸುದ್ದಿ ಹೇಳುತ್ತಿದ್ದರು.

ಹಣೆಯ ಮೇಲೆ ಹೊಸ ಕೂದಲು ಬಂದದ್ದನ್ನು ಮೊದಲು ಕಂಡದ್ದೂ ಅವರೇ. ಆದರೆ ತಿನ್ನಲು ಹುಲ್ಲಿರಲಿಲ್ಲ, ರೋಗ ಮೈಯ ಸತ್ವವನ್ನೆಲ್ಲ ಹೀರಿತ್ತು. ಚಳಿಗಾಲದ ಒಂದು ಮುಂಜಾನೆ, ನೆಲದ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿದ್ದಾಗ, ಅದು ಬಿಲದ ಬಾಯಲ್ಲಿ ಮಲಗಿತ್ತು. ತಲೆ ಒಳಗೆ, ಮೈ ಹೊರಗೆ. ಪ್ಯಾಡಕ್ಕಿನ ಆಚೆಯ ಹಳ್ಳದಿಂದ ತೆವಳಿಕೊಂಡು ಬಂದ ಗುರುತು ಇಬ್ಬನಿಯಲ್ಲಿ ಕಾಣುತ್ತಿತ್ತು.

ರಾಬ್ ಗುದ್ದಲಿ ತಂದ. ಅಬ್ಬಾನೂ ಅವನೂ ಸೇರಿ ಅದನ್ನು ಹೂಳಿದರು.

ಕೈ ತೊಳೆಯುವಾಗ ಅಬ್ಬಾ ಹೇಳಿದರು: “ನನ್ನನ್ನು ಊರಿಗೆ ಕಳಿಸ್ಬಿಡು ಮಗಾ. ಅದಕ್ಕೆ ಕಣ್ಣು ಕಾಣ್ತಿರಲಿಲ್ಲ. ಆದ್ರೂ ಸಾಯೂಕೆ ತನ್ನ ಬಾಗಿಲಿಗೇ ಬಂತು.”

ಸಲೀಂ ಅಂದೇ ಟಿಕೆಟ್ ವಿಚಾರಿಸಿದ. ಆದರೆ ಪ್ರಯಾಣಕ್ಕೆ ಮೊದಲು ಮಾಡಿಸಿದ ತಪಾಸಣೆಯಲ್ಲಿ ಅಬ್ಬಾನ ಹೃದಯ ತೀರಾ ಸೋತಿದೆ ಎಂದು ಗೊತ್ತಾಯಿತು. ವಿಮಾನ ಹತ್ತಿಸಬೇಡಿ ಎಂದರು ಡಾಕ್ಟರು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಅಬ್ಬಾ ಕೇಳಿಸಿಕೊಂಡು, “ಡಾಕ್ಟ್ರ ತಪ್ಪು ಎಂತ ಅದೆ ಇದ್ರಲ್ಲಿ” ಎಂದು ನನ್ನನ್ನೇ ಸಮಾಧಾನ ಮಾಡಿದರು. ಮೆಟ್ಟಿಲ ಮೇಲೆ ಕೂರುವುದನ್ನು ಮಾತ್ರ ಬಿಟ್ಟರು. ಆಮೇಲೆ ಬಹಳ ದಿನ ಉಳಿಯಲಿಲ್ಲ.

ಆ ಊರಿನ ಸ್ಮಶಾನದ ಒಂದು ಮೂಲೆಯಲ್ಲಿ ಜಾಗ ಕೊಟ್ಟರು. ನಮಾಜು ಓದಿಸಲು ದೂರದ ಪಟ್ಟಣದಿಂದ ಮೌಲವಿಗಳು ಬಂದರು. ಮಣ್ಣು ಹಾಕುವವರ ಸಾಲಿನಲ್ಲಿ ರಾಬ್ ಕೊನೆಗೆ ನಿಂತಿದ್ದ. ಎಲ್ಲರನ್ನೂ ನೋಡಿಕೊಂಡು ಅವರ ಹಾಗೆಯೇ ಮೂರು ಹಿಡಿ ಹಾಕಿದ. ಆಮೇಲೆ ಸಲೀಂನ ಹೆಗಲು ಹಿಡಿದುಕೊಂಡು ಅತ್ತ.

ಎರಡು ವರ್ಷದ ನಂತರ ಯಲ್ಲಾಪುರಕ್ಕೆ ಹೋದೆ. ಹೆಂಗಸರು ಖಬರಸ್ತಾನದೊಳಗೆ ಹೋಗುವ ರೂಢಿ ನಮ್ಮ ಮನೆಯಲ್ಲಿಲ್ಲ. ಗೋಡೆಯ ಹೊರಗೆ ನಿಂತೇ ಅಮ್ಮಿಗೆ ದುವಾ ಮಾಡಿದೆ. ಆಸ್ಟ್ರೇಲಿಯಾದಲ್ಲಿ ಅಬ್ಬಾನ ಗೋರಿಯ ಹತ್ತಿರವಾದರೆ ಬೇಕೆಂದಾಗ ಹೋಗಿ ಕೂರುತ್ತೇನೆ. ಆದರೆ ಅಲ್ಲಿ ಅವರ ಹೆಸರನ್ನು ಸರಿಯಾಗಿ ಓದುವವರು ಸಲೀಂ, ನಾನು, ಇಬ್ಬರೇ.

ಒಳಗೆ ಹೋಗಿದ್ದ ನನ್ನ ತಮ್ಮ ಗೋಡೆಯ ಹತ್ತಿರ ಬಂದ.

“ಅಕ್ಕಾ, ಅಮ್ಮಿ ಪಕ್ಕದ ಜಾಗ ಅಬ್ಬಾಗೆ ಅಂತ ಬಿಟ್ಟಿದ್ದು. ಮಸೀದಿ ಕಮಿಟಿಯವ್ರು ಕೇಳ್ತಿದ್ದಾರೆ. ಬೇರೆಯವ್ರಿಗೆ ಕೊಡಿ ಅನ್ಲಾ?”

ನಾನು ಹೊರಡುವ ಹಿಂದಿನ ದಿನವಷ್ಟೇ ಸಲೀಂ, ಅಲ್ಲಿ ಅಬ್ಬಾನ ಪಕ್ಕದ ಜಾಗವನ್ನು ನಮ್ಮಿಬ್ಬರಿಗೆಂದು ಕೇಳಿಟ್ಟಿದ್ದೇನೆ ಎಂದು ಹೇಳಿದ್ದ. ಒಳ್ಳೆಯದಾಯಿತು ಎಂದಿದ್ದೆ.

“ಸದ್ಯ ಇರ್ಲಿ” ಎಂದೆ.

“ಯಾರಿಗೆ ಅಂತ ಹೇಳೂದು?”

ಗೋಡೆಯ ಮೇಲೆ ಕೈಯಿಟ್ಟು, ಅಮ್ಮಿಯ ಪಕ್ಕದ ಆ ಒಬ್ಬರಷ್ಟೇ ಹಿಡಿಯುವ ಜಾಗವನ್ನು ನೋಡಿದೆ. ಅವನು ನನ್ನ ಮುಖ ನೋಡಿ, “ಆಯ್ತು” ಎಂದು ಒಳಗೆ ಹೋದ.