ನಮ್ಮ ಬಾವಿ ನೀರು ಕೆಟ್ಟದ್ದೆಂದ ನರ್ಸಮ್ಮ

ನರ್ಸಮ್ಮನ ಬಲಗೈ ಬೆರಳುಗಳ ತುದಿ ಸುಣ್ಣ ಬಳಿಯುವವರ ಬೆರಳಿನಂತೆ ಬಿಳಿಚಿಕೊಂಡು ಬಿರುಕು ಬಿಟ್ಟಿರುತ್ತಿತ್ತು. ಊರೂರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಕಲಸಿ ಕಲಸಿ ಹಾಗಾಗಿದ್ದು. ಅವರ ಸ್ಕೂಟಿ ನಮ್ಮ ಬೀದಿಗೆ ತಿರುಗಿದರೆ ಸಾಕು, ಜಗಲಿಯ ಮೇಲೆ ಕೂತ ಗಂಡಸರು "ಬಂತಪ್ಪಾ ಬ್ಲೀಚಿಂಗು" ಎಂದು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಮಗಳಿಗೆ ಆಗ ಎರಡು ವರ್ಷ. ತಿಂಗಳು ತುಂಬುವುದರೊಳಗೆ ಭೇದಿ. ಅಜ್ಜಂಪುರದಿಂದ ತರೀಕೆರೆಗೆ ಎತ್ತಿಕೊಂಡು ಓಡುವುದು, ಡ್ರಿಪ್ ಹಾಕಿಸುವುದು, ಚೇತರಿಸಿಕೊಂಡಳೆಂದು ಕರೆತಂದರೆ ಮತ್ತೆ ಶುರು. ಮೂರನೆಯ ಸಲ ಡಾಕ್ಟರು, "ಇನ್ನೊಂದ್ಸಲ ಹಿಂಗಾದ್ರೆ ಮಗು ಕೈಗೆ ಸಿಗಲ್ಲಮ್ಮ" ಎಂದರು. ನಾನೇ ಹೋಗಿ ನರ್ಸಮ್ಮನ ಮುಂದೆ ಕಣ್ಣೀರು ಹಾಕಿದೆ.

ಅವರು ಬಂದು ಹಿತ್ತಿಲ ಬಾವಿಯ ನೀರನ್ನು, ಹೊಲಸಿದ್ದರೆ ಕಪ್ಪಾಗುವ ಔಷಧಿ ಹಾಕಿದ್ದ ಒಂದು ಪುಟ್ಟ ಬಾಟಲಿಗೆ ಗೆರೆಯವರೆಗೆ ತುಂಬಿಸಿ, ಅಡುಗೆಮನೆಯ ಗೂಡಿನಲ್ಲಿ ಬೆಚ್ಚಗೆ ಇಡಿಸಿದರು. ಮಾರನೆಯ ದಿನಕ್ಕೆ ಅದು ಇದ್ದಿಲಿನಷ್ಟು ಕಪ್ಪಾಗಿತ್ತು. "ಹೊಲಸು ಸೇರೈತೆ ಯಜಮಾನ್ರೇ. ಕಕ್ಕಸ್ ಗುಂಡಿ ಬಾವಿಗೆ ಇಷ್ಟು ಹತ್ರ ತೆಗ್ಸಿದ್ರೆ ಇನ್ನೇನಾಗುತ್ತೆ?" ಎಂದು ನಮ್ಮ ಮಾವನವರನ್ನೇ ಕೇಳಿದರು. ಬಕೆಟ್ಟಿನಲ್ಲಿ ಪೌಡರ್ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಕೊಡ ಇಳಿಸಿ ಎತ್ತಿ ಚೆನ್ನಾಗಿ ಕದಡಿದರು. ಮರುದಿನ ಬೆಳಿಗ್ಗೆ ಮಾವನವರು ಪೂಜೆಗೆ ನೀರು ಸೇದಿ ಮೂಸಿ ನೋಡಿದರು. ಮೋಟರ್ ಹಾಕಿ ಅಷ್ಟೂ ನೀರನ್ನು ತೆಂಗಿನ ಬುಡಕ್ಕೆ ಹಾಯಿಸಿಬಿಟ್ಟರು. "ಲಿಂಗಕ್ಕೆ ಈ ವಾಸ್ನೆ ನೀರ್ ಹಾಕ್ಲಾ? ನಮ್ಮಪ್ಪ ತೋಡ್ಸಿದ್ ಬಾವಿ ಕಣಮ್ಮಾ ಇದು" ಎಂದರು. ನನ್ನ ಗಂಡ ಅಪ್ಪನ ಎದುರು ತುಟಿ ಬಿಚ್ಚುವವರಲ್ಲ.

ನರ್ಸಮ್ಮ ಹಠ ಬಿಡಲಿಲ್ಲ. ಕುಡಿಯುವ ನೀರನ್ನಾದರೂ ಕುದಿಸು ಎಂದರು, ಕುದಿಸಿದೆ. ಮಗುವಿನ ಬಾಯಿ ತೊಳೆಯುವ ನೀರನ್ನೂ ಕುದಿಸಿದೆ. ಆದರೂ ಭೇದಿ ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಿದ್ದರು. ಇವರು ಒಂದು ದಿನ ಬೆಳಿಗ್ಗೆ ಏಳಕ್ಕೇ ಬಂದು ಪಡಸಾಲೆಯಲ್ಲಿ ಕೂತರು. "ಇವ್ಳ ಬಾಯಿಗೆ ಏನೇನ್ ಹೋಗುತ್ತೆ ನೋಡ್ತೀನಿ. ನಿನ್ ಕೆಲ್ಸ ನೀನ್ ಮಾಡ್ಕೋ."

ಮಾವನವರು ಪೂಜೆ ಮುಗಿಸಿ ಮೊಮ್ಮಗಳನ್ನು ಕರೆದರು. ಇಷ್ಟಲಿಂಗಕ್ಕೆ ಎರೆದ ನೀರನ್ನು, ಪಾದೋದಕವನ್ನು, ದಿನದಂತೆ ಮೂರು ಸಲ ಅವಳ ಬಾಯಿಗೆ ಹಾಕಿದರು. ಆಗಷ್ಟೇ ಬಾವಿಯಿಂದ ಸೇದಿದ ಹಸಿ ನೀರು. ಅದೂ ಕುಡಿಯುವ ನೀರೇ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ದಡ್ಡತನಕ್ಕೆ ಏನು ಹೇಳಲಿ!

"ನಿಲ್ಸಿ ಯಜಮಾನ್ರೇ! ಇದ್ರಿಂದ್ಲೇ ಕಣ್ರೀ ಮಗೀಗೆ ಆಗ್ತಿರೋದು" ಎಂದು ನರ್ಸಮ್ಮ ಎದ್ದು ನಿಂತರು.

"ಪಾದೋದಕಕ್ಕೆ ಹೆಸ್ರಿಡ್ತೀಯಾ? ನಡಿ ಹೊರಗೆ!"

ಅವರನ್ನು ಕರೆಸಿದವಳು ನಾನು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಅವರು ಹೇಳುವುದು ಸರಿ ಎನ್ನಲು ಎಷ್ಟು ಉಸಿರು ಬೇಕಿತ್ತು? ಮಾವನವರ ಮೇಲಿನ ಸಿಟ್ಟಾದರೂ ಇಳಿದೀತು, ನನ್ನ ಮೇಲಿನದು ಇಳಿಯುವುದಿಲ್ಲ.

ಸ್ಕೂಟಿ ಹತ್ತುವ ಮುಂಚೆ ನರ್ಸಮ್ಮ ನನ್ನನ್ನು ಹತ್ತಿರ ಕರೆದರು. "ಕುದ್ಸಿ ಆರ್ಸಿದ್ ನೀರ್ನೇ ಪೂಜೆ ತಂಬಿಗೇಲಿಡು. ಶಿವ ಬ್ಯಾಡ ಅನ್ನಲ್ಲ ಕಣವ್ವಾ. ಬೈಗುಳ ನಂಗಿರ್ಲಿ ಬಿಡು."

ಮರುದಿನದಿಂದ ಪೂಜೆಗೆ ನಾನೇ ನೀರು ತಂದಿಡುತ್ತೇನೆ ಎಂದೆ. ಸೊಸೆಗೆ ಭಕ್ತಿ ಬಂತೆಂದು ಮಾವನವರು ಹಿಗ್ಗಿದರು. ಮಗಳು ಮೈ ತುಂಬಿಕೊಂಡಳು. ಎಲ್ಲಾ ಪಾದೋದಕದ ಮಹಿಮೆ ಎಂದು ಅವರು ಬಂದವರಿಗೆಲ್ಲ ಹೇಳಿದರು. ನರ್ಸಮ್ಮ ದೇವರಿಗೆ ಹೆಸರಿಟ್ಟವಳು ಎಂದು ಬೀದಿಯವರು ಮಾತಾಡಿಕೊಂಡರು. ಆಗಲೂ ನಾನು ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ.

ಹೋದ ತಿಂಗಳು ನರ್ಸಮ್ಮ ಎದೆನೋವು ಬಂದು ತೀರಿಕೊಂಡರು. ಸುದ್ದಿ ಬಂದಾಗ ನಮ್ಮ ಜಗಲಿಯ ಮೇಲೆ ಅದೇ ಗಂಡಸರು. "ಒಳ್ಳೆ ಹೆಂಗ್ಸೇ. ದೇವ್ರು ದಿಂಡ್ರು ಅಂತ ಭಯ ಇರ್ಲಿಲ್ಲ ಅಷ್ಟೇ" ಎಂದರು ಮಾವನವರು. ನನಗೆ ತಡೆಯಲಾಗಲಿಲ್ಲ. ಮಗಳ ಕೈ ಹಿಡಿದು ಹೊರಗೆ ಬಂದೆ.

"ಮಾವ, ಆರು ವರ್ಷದಿಂದ ನಿಮ್ ಲಿಂಗಕ್ಕೆ ಹಾಕ್ತಿರೋದು ಕುದ್ಸಿದ್ ನೀರು. ಹೇಳ್ಕೊಟ್ಟೋರು ಆಯಮ್ಮ. ಇವ್ಳು ಬದ್ಕಿರೋದೇ ಅದ್ರಿಂದ."

ಮಾವನವರು ಮೊಮ್ಮಗಳನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ.

"ಮೊದ್ಲೇ ಹೇಳ್ಬಾರ್ದಿತ್ತೇನವ್ವಾ" ಎಂದರು. "ನಾನೇ ಹೋಗಿ ಆಯಮ್ಮನ ಹತ್ರ ತಪ್ಪಾಯ್ತು ಅಂತಿದ್ನಲ್ಲ."

ಆ ಆರು ವರ್ಷವೂ ನರ್ಸಮ್ಮ ವಾರಕ್ಕೊಮ್ಮೆ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದರು.