ರೇಸ್ ಫಾರ್ಮಿನ ಖಾಲಿ ಕಾಲಂ

ಕಳೆದ ಶನಿವಾರ ಕಡಬದಲ್ಲಿ ನನ್ನ ಕಾರು ಪಾಸಾಯಿತು. ನಾನು ಫೇಲಾದೆ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಎಂತ ಪರೀಕ್ಷೆ ಅಂತೀರಾ? ರೇಸಿನದ್ದು ಮಾರಾಯ್ರೆ. ಹವ್ಯಾಸಿಗಳ ರೇಸ್. ಕೊಯ್ಲಾದ ಗದ್ದೆಯಲ್ಲಿ ಮಣ್ಣಿನ ಟ್ರ್ಯಾಕ್, ಒಂದು ಸಲಕ್ಕೆ ಒಂದೇ ಕಾರು. ಶನಿವಾರ ತಪಾಸಣೆ, ಭಾನುವಾರ ಓಟ. ವಿಂಟೇಜ್ ಕ್ಲಾಸಿಗೆ ನಮ್ಮ ಕೆಂಪು ಟೂ-ಸೀಟರ್ ಎಂಟ್ರಿ.

ಆ ಸ್ಪೋರ್ಟ್ಸ್ ಕಾರನ್ನು ನಮ್ಮವರು ಸುಳ್ಯದ ಒಬ್ಬ ಎಸ್ಟೇಟ್ ಮ್ಯಾನೇಜರರಿಂದ ಕೊಂಡದ್ದು, ಮದುವೆಯಾದ ವರ್ಷ. (ನೆಕ್ಲೆಸ್ ಕೊಡಿಸ್ತೇನೆ ಅಂದಿದ್ದರು. ಅದು ಬರಲೇ ಇಲ್ಲ.) ರ‍್ಯಾಲಿಗಳಲ್ಲಿ ಅವರು ಡ್ರೈವರ್, ನಾನು ಎಡದ ಸೀಟಿನಲ್ಲಿ ಸ್ಟಾಪ್‌ವಾಚ್ ಹಿಡಿದ ನ್ಯಾವಿಗೇಟರ್. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷೆಲ್ಲ ಖರ್ಚಾದದ್ದು "ಲೆಫ್ಟ್, ಐ ಸೆಡ್ ಲೆಫ್ಟ್" ಅನ್ನುವುದರಲ್ಲಿ.

ಅವರು ಹೋಗಿ ಆರು ವರ್ಷ. ಮಕ್ಕಳಿಲ್ಲ. ಎರಡು ತಿಂಗಳ ಹಿಂದೆ ಕಾರು ಕೊಳ್ಳಲು ಬಂದವನೊಬ್ಬ "ಇದು ಓಡ್ತದಾ?" ಅಂತ ಕೇಳಿದ. ಸಿಟ್ಟು ಬಂತು. ಮಾರುವ ಬದಲು ರೇಸಿಗೆ ಹೆಸರು ಕೊಟ್ಟೆ.

ನರಿಮೊಗರಿನ ಹಮೀದ್, ನಮ್ಮ ಹಳೆಯ ಮೆಕ್ಯಾನಿಕ್, ಮೂರು ವಾರ ಅದರ ಅಡಿಯಲ್ಲೇ ಇದ್ದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ಪೈಪ್, ಬ್ರೇಕ್ ಎಲ್ಲ ಹೊಸದು. ಗಾಜು ಒಡೆದರೆ ಟ್ರ್ಯಾಕಿನಲ್ಲಿ ಚೆಲ್ಲಬಾರದೆಂದು ಹೆಡ್‌ಲೈಟಿಗೆ ಅಡ್ಡಡ್ಡ ಟೇಪ್ ಅಂಟಿಸಿದ. ಡ್ರೈವರ್ ಸೀಟನ್ನು ಮುಂದಕ್ಕೆ ಎಳೆದ (ನಮ್ಮವರ ಕಾಲು ಉದ್ದ).

"ಅಕ್ಕ, ಎಡದ ಸೀಟ್ ತೆಗೀಲಾ? ತೂಕ ಕಮ್ಮಿ ಆಗ್ತದೆ."

"ಇರಲಿ."

"ಅದರಲ್ಲಿ ಯಾರೂ ಕೂತುಕೊಳ್ಳುದಿಲ್ಲ ಅಲ್ವಾ?"

"ಇರಲಿ ಹಮೀದ್."

ಶನಿವಾರ ಕಾರಿಗೆ ಎಲ್ಲ ಕಡೆ ಟಿಕ್ ಬಿತ್ತು. ಸಂಘಟಕರು, ಅರಂತೋಡಿನ ಗೌಡರು, ನನ್ನ ಫಾರ್ಮ್ ತಿರುಗಿಸಿ ನೋಡಿದರು. "ಇದೊಂದು ಕಾಲಂ ಖಾಲಿ ಉಂಟಲ್ಲ ಮೇಡಂ?"

ಅಪಘಾತವಾದರೆ ಯಾರಿಗೆ ತಿಳಿಸಬೇಕು? ಅದೇ ಕಾಲಂ.

"ಹಾಗೇ ಬಿಟ್ಟರೆ ಆಗುದಿಲ್ವಾ?"

"ಆಗುದಿಲ್ಲ. ಐದು ಗಂಟೆ ಒಳಗೆ ಹೆಸರು ಬರೀದಿದ್ರೆ ನಾಳೆ ಬಿಡ್ಲಿಕ್ಕಾಗುದಿಲ್ಲ."

ಈ ಕಾಲಂ ನನಗೆ ಹೊಸದಲ್ಲ. ನಮ್ಮ ಮೊದಲ ರ‍್ಯಾಲಿಯಲ್ಲಿ ಅವರು ನನ್ನ ಹೆಸರು ಬರೆದರು, ನಾನು ಅವರದ್ದು. ಟೇಬಲಿನಲ್ಲಿದ್ದವರು ನಕ್ಕುಬಿಟ್ಟರು. "ಇಬ್ಬರೂ ಒಂದೇ ಕಾರಲ್ಲಿ. ಮಗುಚಿ ಬಿದ್ದರೆ ಯಾರು ಯಾರಿಗೆ ತಿಳಿಸುದು?" ನಮಗೆ ಅದು ಹೊಳೆದೇ ಇರಲಿಲ್ಲ. ಮರುವರ್ಷವೂ ಹಾಗೆಯೇ ಬರೆದೆವು.

ಫೋನ್ ತೆಗೆದೆ. ಗ್ಯಾಸಿನವರು, ಪ್ಲಂಬರ್, ಬ್ಯಾಂಕ್. ತೀರಿಕೊಂಡ ಮೂವರು ಗೆಳತಿಯರು (ಡಿಲೀಟ್ ಮಾಡಲು ಕೈ ಬರುವುದಿಲ್ಲ). ಕಾನ್ವೆಂಟ್ ಗ್ರೂಪಿನಿಂದ ದಿನಾ ಇಪ್ಪತ್ತು ಗುಡ್ ಮಾರ್ನಿಂಗ್ ಬರ್ತದೆ, ಗುಲಾಬಿ ಹೂವಿನ ಸಮೇತ. ಅವರಲ್ಲಿ ಯಾರಿಗೆ ಹೇಳಲಿ, ನಾನು ಬಿದ್ದರೆ ನೀನು ಬಾ ಅಂತ? ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳಿಗೆ ಗಂಡನ ಕಾಟ. ಎಲ್ಲರಿಗೂ ಅವರವರ ಮನೆ ಉಂಟು. ಗಂಟೆ ನಾಲ್ಕೂವರೆ.

"ನನ್ನ ಹೆಸರು ಬರೀರಿ ಅಕ್ಕ," ಅಂದ ಹಮೀದ್, ಕೈ ಒರೆಸಿಕೊಳ್ಳುತ್ತ.

"ಸಂಬಂಧ ಎಂತ ಅಂತಲೂ ಕೇಳಿದ್ದಾರೆ."

"ಮೆಕ್ಯಾನಿಕ್ ಅಂತ ಬರೀರಿ. ಎಂತ ಆದ್ರೂ ನನಗೇ ಫೋನ್ ಮಾಡುದಲ್ವಾ ನೀವು?"

"ಅದು ಕಾರಿಗೆ ಆದ್ರೆ ಮಾರಾಯ."

"ಕಾರಲ್ಲಿ ನೀವೂ ಇರ್ತೀರಲ್ಲ."

ಬರೆದೆ. ಗೌಡರು ಸೀಲ್ ಒತ್ತಿದರು.

ಭಾನುವಾರ ಓಡಿಸಿದೆ. ನಾಲ್ಕು ಕಾರುಗಳಲ್ಲಿ ಮೂರನೆಯವಳು. (ನಾಲ್ಕನೆಯದು ಸ್ಟಾರ್ಟೇ ಆಗಲಿಲ್ಲ.) ಎರಡನೇ ತಿರುವಿನಲ್ಲಿ ಹೇಳುವವರಿಲ್ಲ ಅಂತ ನೆನಪಾಗಿ "ಲೆಫ್ಟ್" ಅಂತ ನಾನೇ ಜೋರಾಗಿ ಹೇಳಿಕೊಂಡೆ.

ಇಳಿದಾಗ ಹಮೀದ್ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ, ಕೈಯಲ್ಲಿ ಫೋನ್.

"ಹೇಗೆ ಓಡಿಸಿದೆ?"

"ನೋಡಲಿಲ್ಲ ಅಕ್ಕ. ಫೋನ್ ಬಂದ್ರೆ ಅಂತ ಇದನ್ನೇ ನೋಡ್ತಿದ್ದೆ."

ಸಂಜೆ ಕಾರಿಗೆ ಹೊದಿಕೆ ಹಾಕುವ ಮೊದಲು ಎಡದ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತೆ. ಇಂಥದೇ ಕಾಲಂನಲ್ಲಿ ಹಮೀದನ ಹೆಸರು ಅವನ ಹೆಂಡತಿಯ ಆಸ್ಪತ್ರೆ ಫೈಲಿನಲ್ಲಿ ಉಂಟು, ತಮ್ಮಂದಿರ ಪಾಸ್‌ಪೋರ್ಟಿನ ಕಾಗದಗಳಲ್ಲಿ ಉಂಟು, ಈಗ ನನ್ನ ಫಾರ್ಮಿನಲ್ಲೂ ಉಂಟು.

ನನ್ನ ಕಾಲಂ ತುಂಬಿತು, ಸರಿ. ಯಾರ ಕಾಲಂನಲ್ಲಾದರೂ ನನ್ನ ಹೆಸರು ಉಂಟಾ?